ಮಧುಮೇಹ ಶಿಕ್ಷಣ ಮತ್ತು ಜನಪದ ತಿಳಿವಳಿಕೆ

ಮಧುಮೇಹವು ಒಮ್ಮೆ ಮದ್ದು ಮಾಡಿ ಮುಗಿಸುವ ಬೇನೆಯಲ್ಲ; ಬದುಕಿನುದ್ದಕ್ಕೂ ರೋಗಿಯೇ ನಿತ್ಯ ನಿಭಾಯಿಸಬೇಕಾದುದು. ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್ 1918ರಲ್ಲಿ ಪ್ರಕಟಿಸಿದ ಕೈಪಿಡಿಯು ವೈದ್ಯ, ರೋಗಿ ಇಬ್ಬರನ್ನೂ ಉದ್ದೇಶಿಸಿತ್ತು. ಇನ್ಸುಲಿನ್ ಮೊದಲಬಾರಿ ರೋಗಿಗೆ ದೊರೆತದ್ದು 1922ರಲ್ಲಿ. ಆ ಮದ್ದಿಗಿಂತ ಮೊದಲೇ ಶಿಕ್ಷಣ ಆರಂಭವಾಗಿತ್ತೆಂಬುದು ಗಮನಾರ್ಹ.

ನಮ್ಮ ಗ್ರಾಮಗಳಲ್ಲಿ ಈ ಶಿಕ್ಷಣವು ಜನರಲ್ಲಿ ಮೊದಲೇ ಇರುವ ತಿಳಿವಳಿಕೆಯನ್ನು ಎದುರುಗೊಳ್ಳಬೇಕಾಗುತ್ತದೆ. ‘ಸಕ್ಕರೆ ಕಾಯಿಲೆ’ ಎಂಬ ಹೆಸರೇ ಸಕ್ಕರೆಯೊಂದೇ ಅಪಥ್ಯವೆಂಬ ಭಾವನೆ ಮೂಡಿಸುತ್ತದೆ. ಕಹಿಯು ಸಿಹಿಯನ್ನು ಅಳಿಸುತ್ತದೆಂಬ ತರ್ಕದಿಂದ ಹಾಗಲ, ಬೇವುಗಳು ಮದ್ದಾಗುತ್ತವೆ. ರಾಗಿಮುದ್ದೆ ಎಷ್ಟುಂಡರೂ ದೋಷವಿಲ್ಲವೆಂಬ ನಂಬಿಕೆಯುಂಟು. ರಾಗಿಯಲ್ಲಿ ನಾರು ಹೆಚ್ಚಿದ್ದರೂ ಅದರ ಪಿಷ್ಟವೂ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ.

ಇವುಗಳ ಪರಿಣಾಮ ಲಘುವಲ್ಲ. ಕಹಿಯನ್ನೇ ನಂಬಿ ಮಾತ್ರೆ ಬಿಟ್ಟವರ ಕಣ್ಣು, ಮೂತ್ರಪಿಂಡ, ನರಗಳು ಸದ್ದಿಲ್ಲದೆ ಕೆಡಬಹುದು. ಸ್ಪರ್ಶಜ್ಞಾನ ಕುಂದಿದ ಪಾದಗಳಲ್ಲಿ ಬರಿಗಾಲ ಹರಕೆ ನಡೆದರೆ ಹುಣ್ಣಾಗಿ, ಕಾಲನ್ನೇ ಕತ್ತರಿಸಬೇಕಾದೀತು. ಇನ್ಸುಲಿನ್ ಪ್ರಮಾಣವನ್ನು ಹೊಂದಿಸಿಕೊಳ್ಳದೆ ಉಪವಾಸವಿದ್ದರೆ ಸಕ್ಕರೆಯ ಮಟ್ಟ ಕುಸಿದು ಪ್ರಜ್ಞೆ ತಪ್ಪಬಹುದು.

ಆದುದರಿಂದ ಶಿಕ್ಷಣ ವೈದ್ಯರಿಗೂ ಅಗತ್ಯ. ‘ಸಿಹಿ ಬಿಡಿ’ ಎಂಬ ಅಪ್ಪಣೆಗಿಂತ, ಯಾವ ವಾರ ಒಪ್ಪತ್ತು, ಯಾವ ಜಾತ್ರೆಗೆ ನಡಿಗೆ, ಮುದ್ದೆಯ ಗಾತ್ರವೆಷ್ಟು ಎಂಬ ವಿಚಾರಣೆ ಫಲಕಾರಿ. ಎರಡು ಮೂರು ತಿಂಗಳ ಸರಾಸರಿ ತೋರುವ ಎಚ್‌ಬಿಎ1ಸಿ ಪರೀಕ್ಷೆಯನ್ನು ‘ಒಂದು ದಿನದ ಮಳೆಯದಲ್ಲ, ಇಡೀ ಹಂಗಾಮಿನ ಲೆಕ್ಕ’ ಎಂದರೆ ರೈತನಿಗೆ ಮನದಟ್ಟಾಗುತ್ತದೆ. ಜನಪದರ ತಿಳಿವಳಿಕೆಯನ್ನು ಅಜ್ಞಾನವೆಂದು ತಳ್ಳದೆ, ಅವರ ನುಡಿಯಲ್ಲಿಯೇ ಅದನ್ನು ತಿದ್ದುವ ವೈದ್ಯನ ಸಲಹೆಯು ಔಷಧಚೀಟಿಗಿಂತ ಹೆಚ್ಚು ಕಾಲ ಉಳಿಯುತ್ತದೆ.