ಮಣ್ಣಿನ ಜಾಡಿಯ ಸಮುದ್ರ ವ್ಯಾಪಾರ ಹಾಗೂ ನಮ್ಮ ನೆರೆಯ ತಗರ

ಸರಕು ಎಷ್ಟೇ ಉತ್ತಮವಾಗಿದ್ದರೂ ಅದನ್ನು ತುಂಬುವ ಪಾತ್ರೆ ಮತ್ತು ಸಾಗಣೆಯ ಖರ್ಚು ಲಾಭವನ್ನು ನುಂಗಿಬಿಡಬಹುದೆಂಬುದು ವರ್ತಕ ಬಾಂಧವರಿಗೆ ಹೊಸ ವಿಷಯವಲ್ಲ. ಪ್ರಾಚೀನ ಮೆಡಿಟರೇನಿಯನ್ ವರ್ತಕರು ಇದಕ್ಕೆ ಕಂಡುಕೊಂಡ ಉಪಾಯವೇ ಆಂಫೊರಾ ಎಂಬ ಸುಟ್ಟ ಮಣ್ಣಿನ ಜಾಡಿ. ಫಿನೀಷಿಯನ್ನರೂ ಅವರ ವಂಶಸ್ಥರಾದ ಕಾರ್ಥೇಜಿನ ಪ್ಯೂನಿಕ್ ವರ್ತಕರೂ ದ್ರಾಕ್ಷಾರಸ, ಎಣ್ಣೆ ಹಾಗೂ ಉಪ್ಪುಮೀನನ್ನು ಇದರಲ್ಲಿಯೇ ಸಾಗಿಸುತ್ತಿದ್ದರು. 1999ರಲ್ಲಿ ಇಸ್ರೇಲಿನ ಅಷ್ಕೆಲೋನ್ ಎದುರಿನ ಆಳಸಮುದ್ರದಲ್ಲಿ ಪರಿಶೀಲಿಸಲಾದ ಕ್ರಿ.ಪೂ. 8ನೆಯ ಶತಮಾನದ ಎರಡು ಫಿನೀಷಿಯನ್ ಹಡಗುಗಳಲ್ಲಿ ಇಂತಹ ನೂರಾರು ಜಾಡಿಗಳು ಇಂದಿಗೂ ಸಾಲುಗಟ್ಟಿ ಬಿದ್ದಿವೆ.

ಕಾರ್ಥೇಜನ್ನು ಸೋಲಿಸಿದ ರೋಮನ್ನರು ಈ ಪದ್ಧತಿಯನ್ನು ಇನ್ನಷ್ಟು ಬೆಳೆಸಿದರು. ಜಾಡಿಯ ಚೂಪಾದ ತಳ ಎತ್ತಿ ಸುರಿಯುವಾಗ ಮೂರನೆಯ ಹಿಡಿಕೆಯಾಗುತ್ತಿತ್ತು; ಹಡಗಿನಲ್ಲಿ ಕೆಳಸಾಲಿನ ಜಾಡಿಗಳ ನಡುವೆ ಮೇಲುಸಾಲಿನ ತಳ ಕೂರುತ್ತಿತ್ತು. ದ್ರಾಕ್ಷಾರಸ ಸೋರದಂತೆ ಒಳಗೆ ರಾಳ ಬಳಿಯುತ್ತಿದ್ದರು. ಸ್ಪೇನಿನ ಎಣ್ಣೆ ಜಾಡಿ ಖಾಲಿಯಿದ್ದಾಗಲೇ ಸುಮಾರು 30 ಕಿಲೋ ತೂಗುತ್ತಿತ್ತು, ಸುಮಾರು 70 ಲೀಟರ್ ಹಿಡಿಯುತ್ತಿತ್ತು. ಅದರ ಮೇಲೆ ಬರಿಜಾಡಿಯ ತೂಕ, ಎಣ್ಣೆಯ ನಿವ್ವಳ ತೂಕ, ವರ್ತಕನ ಹೆಸರು, ತಪಾಸಣೆಯ ವಿವರಗಳನ್ನು ಬರೆಯುತ್ತಿದ್ದರು. ನಮ್ಮ ಇಂದಿನ ಪೊಟ್ಟಣಗಳ ಮೇಲಿನ ಮುದ್ರಣಕ್ಕೆ ಇದಕ್ಕಿಂತ ಹಳೆಯ ಪೂರ್ವಜ ಬೇಕೆ? ಆದರೆ ಎಣ್ಣೆ ಕಮಟಿದ ಜಾಡಿ ಮತ್ತೆ ಉಪಯೋಗಕ್ಕೆ ಬರುತ್ತಿರಲಿಲ್ಲ. ರೋಮ್ ನಗರದ ಮೊಂಟೆ ಟೆಸ್ಟಾಚಿಯೊ ಎಂಬ ಗುಡ್ಡವು ಹಾಗೆ ಒಡೆದೆಸೆದ ಕೋಟ್ಯಂತರ ಜಾಡಿಗಳ ರಾಶಿ.

ಭಾರತಕ್ಕೂ ಇವು ಬಂದವು. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಮಾರ್ಟಿಮರ್ ವೀಲರ್ 1945ರಲ್ಲಿ ನಡೆಸಿದ ಉತ್ಖನನದಲ್ಲಿ ಇವುಗಳ ಚೂರುಗಳು ದೊರೆತವು. ದಖ್ಖನ್ನಿನ ನೇವಾಸಾದಲ್ಲಿಯೂ ಸಿಕ್ಕಿವೆ. ಆದರೆ ರೋಮನ್ ಎಂದು ಬಗೆದಿದ್ದ ಹಲವು ಚೂರುಗಳು ಮೆಸೊಪೊಟೇಮಿಯದ, ಒಳಗೆ ಡಾಂಬರು ಬಳಿದ ಜಾಡಿಗಳದ್ದೆಂದು ಈಚಿನ ಸಂಶೋಧನೆ ತೋರಿಸಿದೆ.

ಬೀದರ, ಭಾಲ್ಕಿ, ಔರಾದ್, ಡಾಬಕಾ ಭಾಗದ ಓದುಗರಿಗೆ ಇದರಲ್ಲಿ ನೇರ ಸಂಬಂಧವೊಂದುಂಟು. ಕ್ರಿ.ಶ. 1ನೆಯ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕ ಕೈಪಿಡಿಯು ಪೈಠಣದಿಂದ ಪೂರ್ವಕ್ಕೆ ಹತ್ತು ದಿನಗಳ ದಾರಿಯಲ್ಲಿರುವ ತಗರವೆಂಬ ದೊಡ್ಡ ಪಟ್ಟಣವನ್ನು ಹೆಸರಿಸುತ್ತದೆ. ಅದು ಇಂದಿನ ಧಾರಾಶಿವ ಜಿಲ್ಲೆಯ ತೇರ್ ಎಂದು ಜೆ.ಎಫ್. ಫ್ಲೀಟ್ 1901ರಲ್ಲಿ ಗುರುತಿಸಿದರು. ಅದು ನಿಂತಿರುವುದು ತೇರಣಾ ನದಿಯ ದಡದಲ್ಲಿ; ಆ ನದಿ ಸೇರುವುದು ನಮ್ಮ ಮಾಂಜ್ರಾವನ್ನು. ಅಲ್ಲಿಂದ ಸಾಧಾರಣ ಬಟ್ಟೆ, ನವಿರಾದ ಹತ್ತಿ ವಸ್ತ್ರಗಳು ಸರಿಯಾದ ರಸ್ತೆಯಿಲ್ಲದ ಸೀಮೆಯನ್ನು ದಾಟಿ ಬಂಡಿಗಳಲ್ಲಿ ಭರೂಚ್ ಬಂದರಿಗೆ ಹೋಗುತ್ತಿದ್ದವು. ಅದೇ ಬಂದರಿಗೆ ಇಟಲಿಯ ದ್ರಾಕ್ಷಾರಸ ಬಂದಿಳಿಯುತ್ತಿತ್ತು.

ಚೂಪು ತಳದ ಜಾಡಿ ಹಡಗಿಗೆ ಒಗ್ಗಿದಂತೆ ಎತ್ತಿನ ಬಂಡಿಗೆ ಒಗ್ಗದು. ಹತ್ತಿಬಟ್ಟೆಗೆ ಹಗುರವಾದ ಕಟ್ಟು ಸಾಕು. ದ್ರವಕ್ಕೆ ಸರಕಿನ ಅರ್ಧದಷ್ಟು ತೂಕದ ಮಣ್ಣನ್ನೂ ಹೊರಬೇಕು. ತಗರದ ವರ್ತಕನು ಸುಮಾರು ಒಂದು ತಿಂಗಳ ದಾರಿಗೆ ಬಟ್ಟೆಯನ್ನು ಹೇರಿದ್ದು ಲೆಕ್ಕ ಬಲ್ಲವನ ಕೆಲಸವೆಂದೇ ನಮ್ಮ ಅಭಿಪ್ರಾಯ.