ಗೀತಕಾರ ಶೈಲೇಂದ್ರ

ಚಲನಚಿತ್ರದ ಹಾಡೆಂದರೆ ಮೂಗು ಮುರಿಯುವವರು ನಮ್ಮಲ್ಲಿ ಕಡಮೆಯಿಲ್ಲ. ಕೆಲಕಾಲ ನಾನೂ ಅವರ ಸಾಲಿನಲ್ಲಿಯೇ ಇದ್ದೆನು. ಮಟ್ಟು ಮೊದಲು ಹುಟ್ಟಿ, ಮಾತು ಆಮೇಲೆ ಬರುವುದಾದರೆ ಅದೆಂತಹ ಕಾವ್ಯ ಎಂಬುದು ನನ್ನ ವಾದ. ಹಿಂದಿ ಗೀತಕಾರ ಶೈಲೇಂದ್ರರ ಬಾಳನ್ನು ತಿಳಿದ ಮೇಲೆ ಆ ವಾದ ಸಡಿಲವಾಯಿತು.

ಶೈಲೇಂದ್ರರು 1923ರಲ್ಲಿ ರಾವಳಪಿಂಡಿಯಲ್ಲಿ ಹುಟ್ಟಿ, ಮಥುರೆಯಲ್ಲಿ ಬೆಳೆದರು. ಹೊಟ್ಟೆಪಾಡಿಗೆ ಮುಂಬಯಿಯ ಮಾಟುಂಗಾ ರೈಲ್ವೆ ಕಾರ್ಖಾನೆ ಸೇರಿದರು. ಹಗಲು ಕಬ್ಬಿಣದೊಡನೆ ಕೆಲಸ, ಬಿಡುವಿನಲ್ಲಿ ಕವಿತೆ. ದೇಶವಿಭಜನೆಯಲ್ಲಿ ಪಂಜಾಬು ಉರಿದುದನ್ನು ಕುರಿತ ಅವರ ಕವಿತೆಯನ್ನು ಕೇಳಿದ ರಾಜ್ ಕಪೂರರು ತಮ್ಮ ಚಿತ್ರಕ್ಕೆ ಬರೆಯಬೇಕೆಂದು ಕೋರಿದರು. ಕವಿತೆ ಮಾರಾಟಕ್ಕಿಲ್ಲವೆಂದು ಕವಿ ಒಪ್ಪಲಿಲ್ಲ. ಆದರೆ ಸಂಸಾರದ ಅಡಚಣೆ ಬಂದಾಗ ತಾವೇ ಹೋಗಿ ಕೇಳಬೇಕಾಯಿತು. ಹೀಗೆ ‘ಬರಸಾತ್’ (1949) ಚಿತ್ರಕ್ಕೆ ಎರಡು ಹಾಡುಗಳನ್ನು ಬರೆದರು.

ಆಮೇಲೆ ‘ಆವಾರಾ’ (1951), ‘ಶ್ರೀ 420’ (1955), ‘ಮಧುಮತಿ’ (1958), ‘ಗೈಡ್’ (1965) ಮೊದಲಾದ ಚಿತ್ರಗಳು ಬಂದವು. ‘ಆವಾರಾ’ದ ಹಾಡು ಸೋವಿಯತ್ ರಷ್ಯದ ಬೀದಿಗಳನ್ನೂ ಮುಟ್ಟಿತು. ಹಿಂದಿಯ ಒಂದಕ್ಷರವೂ ಬಾರದ ನಮ್ಮಜ್ಜಿ ಅದನ್ನು ಗುನುಗುತ್ತ ಅಕ್ಕಿ ಆರಿಸುತ್ತಿದ್ದುದು ನನಗೆ ನೆನಪಿದೆ.

ಇದರ ಗುಟ್ಟೇನು? ಸಿದ್ಧವಾದ ಮಟ್ಟಿನಲ್ಲಿ ಇಷ್ಟೇ ಮಾತ್ರೆಗಳೆಂಬ ಕಟ್ಟು ಇರುತ್ತದೆ. ಅದಕ್ಕೆ ಹೊಂದಲೆಂದು ಅನೇಕರು ಭಾರವಾದ ಪದಗಳನ್ನು ತುರುಕುವರು. ಶೈಲೇಂದ್ರರು ಕೂಲಿಕಾರರೂ ಗಾಡಿಯವರೂ ಆಡುವ ಮಾತನ್ನೇ ಆರಿಸಿ ಕೂಡಿಸಿದರು. ನಮ್ಮ ಹರಿದಾಸರು ತತ್ತ್ವವನ್ನು ಆಡುಮಾತಿಗೆ ಇಳಿಸಿದ ದಾರಿಯೂ ಇಂತಹದೇ ಅಲ್ಲವೆ? ಸರಳತೆಯೆಂದರೆ ಬಡತನವಲ್ಲ, ಅದು ಅನಾವಶ್ಯಕವಾದುದನ್ನು ಬಿಡುವ ಧೈರ್ಯ.

ಆ ಧೈರ್ಯಕ್ಕೆ ಅವರು ತೆತ್ತ ಬೆಲೆ ದೊಡ್ಡದು. ಫಣೀಶ್ವರನಾಥ ರೇಣುರವರ ಕತೆಯನ್ನು ಆಧರಿಸಿ ‘ತೀಸ್ರೀ ಕಸಮ್’ ಚಿತ್ರವನ್ನು ಸ್ವತಃ ನಿರ್ಮಿಸಿದರು. ಎತ್ತಿನ ಗಾಡಿಯ ಹೀರಾಮನನೂ ನರ್ತಕಿ ಹೀರಾಬಾಯಿಯೂ ಅದರಲ್ಲಿ ಕಡೆಗೆ ಅಗಲುತ್ತಾರೆ. ಕತೆಯನ್ನು ಸುಖಾಂತವಾಗಿಸಿದರೆ ಹಣ ಬರುವುದೆಂಬ ಸಲಹೆಯನ್ನು ಅವರು ತಳ್ಳಿಹಾಕಿದರು. 1966ರಲ್ಲಿ ತೆರೆಗೆ ಬಂದ ಚಿತ್ರ ಸೋತಿತು, ಸಾಲ ಬೆಳೆಯಿತು. ಅದೇ ವರ್ಷದ ಡಿಸೆಂಬರ್ 14ರಂದು, ತಮ್ಮ 43ನೆಯ ವಯಸ್ಸಿನಲ್ಲಿ, ಶೈಲೇಂದ್ರರು ತೀರಿಕೊಂಡರು. ಅದು ರಾಜ್ ಕಪೂರರ ಹುಟ್ಟಿದ ದಿನ. ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಆ ಚಿತ್ರಕ್ಕೆ ದೊರೆತಾಗ ಅದನ್ನು ಕಾಣಲು ಅವರಿರಲಿಲ್ಲ.

ಕವಿತೆಯನ್ನು ಮಾರಲಾರೆನೆಂದು ಹೊರಟವರು ಹಾಡುಗಳನ್ನು ಮಾರಿದರು, ನಿಜ. ಆದರೆ ಕತೆಯ ಸತ್ಯವನ್ನು ಮಾರಲಿಲ್ಲ. ಚಿತ್ರಗೀತೆಯನ್ನು ಹಗುರವೆಂದು ತಳ್ಳುವ ಮೊದಲು ನಾವು ನೆನೆಯಬೇಕಾದುದು ಇದನ್ನೇ ಎಂದು ನನ್ನ ಭಾವನೆ.