ಮಾರ್ಚ್ ತಿಂಗಳ ದಂಡು

ಇಂಗ್ಲಿಷರ ಚರಿತ್ರೆಯಲ್ಲಿ ಮೈಸೂರು ಸೀಮೆಗೆ ತಗುಲಿಕೊಂಡ ತಾರೀಖುಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ನೋಡಿ. ಮಾರ್ಚ್ ತಿಂಗಳು ಮತ್ತೆ ಮತ್ತೆ ಎದುರಾಗುತ್ತದೆ. 1769ರ ಮಾರ್ಚ್ ಕೊನೆಗೆ ಹೈದರಾಲಿ ಮದರಾಸಿನ ಹೊರವಲಯಕ್ಕೇ ಬಂದು ನಿಂತು ಈಸ್ಟ್ ಇಂಡಿಯಾ ಕಂಪನಿಯವರನ್ನು ಸಂಧಾನಕ್ಕೆ ಎಳೆದ. ಮಂಗಳೂರು ಒಪ್ಪಂದ ಆದದ್ದು 1784ರ ಮಾರ್ಚ್ 11ರಂದು. 1791ರ ಮಾರ್ಚ್ 7ಕ್ಕೆ ಬೆಂಗಳೂರಿನ ಪೇಟೆ, 21ರ ರಾತ್ರಿ ಕೋಟೆ ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸನ ವಶವಾದವು. ಮರುವರ್ಷ ಮಾರ್ಚ್ 18ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿಕೊಡಬೇಕಾಯಿತು. 1799ರ ಮಾರ್ಚ್ 27ರಂದು ಮಳವಳ್ಳಿಯ ಕಾಳಗ. ಕೊನೆಗೆ, ಐವತ್ತು ವರ್ಷ ತಾವೇ ಆಳಿದ ರಾಜ್ಯವನ್ನು ಇಂಗ್ಲಿಷರು ಒಡೆಯರ ಮನೆತನಕ್ಕೆ ಹಿಂತಿರುಗಿಸಿದ್ದು 1881ರ ಮಾರ್ಚ್ 25ರಂದು.

    

ಹಾಗಾದರೆ ಮಾರ್ಚ್ ಏಕೆ? ಅದು ಇಂಗ್ಲಿಷರ ಅದೃಷ್ಟದ ತಿಂಗಳೆಂದು ಹೇಳುವವರಿದ್ದಾರೆ. ಬಂದೂಕು ಇದ್ದವನಿಗೆ ಯಾವ ತಿಂಗಳಾದರೇನು ಎನ್ನುವವರೂ ಇದ್ದಾರೆ. ಎರಡೂ ತಪ್ಪು. ಕಾರಣ ಇರುವುದು ನಮ್ಮ ಕಣದಲ್ಲಿ, ಕೆರೆಯಲ್ಲಿ, ಎತ್ತಿನ ಹೊಟ್ಟೆಯಲ್ಲಿ.

ಕೋಟೆ ಒಡೆಯಲು ದೊಡ್ಡ ಫಿರಂಗಿ ಬೇಕು. ಒಂದೊಂದು ಫಿರಂಗಿ ಎಳೆಯಲು ಹತ್ತಾರು ಜೋಡಿ ಎತ್ತು ಬೇಕು. ಗುಂಡು, ಮದ್ದು, ಅಕ್ಕಿ, ಡೇರೆ ಎಲ್ಲವೂ ಹೇರೆತ್ತುಗಳ ಬೆನ್ನ ಮೇಲೇ ಬರಬೇಕು. ಸಿಪಾಯಿಗಳಿಗಿಂತ ದನಗಳೇ ಹೆಚ್ಚಾಗಿದ್ದ ದಂಡು ಅದು. ಆ ದನಗಳಿಗೆ ದಿನಾ ಮೇವು, ನೀರು. ರಾಗಿ, ಜೋಳದ ಕೊಯ್ಲು ಮುಗಿದು ಒಕ್ಕಣೆಯಾಗಿ ಹುಲ್ಲಿನ ಮೆದೆ ಎದ್ದಿರುವುದು, ಕೆರೆಗಳಲ್ಲಿ ಒಂದಿಷ್ಟಾದರೂ ನೀರು ಉಳಿದಿರುವುದು, ಎರೆಭೂಮಿಯ ದಾರಿ ಒಣಗಿ ಗಾಲಿ ಹೂಳದೆ ಇರುವುದು, ಹೊಳೆ ದಾಟಲು ಬರುವಂತಿರುವುದು, ಇವೆಲ್ಲ ಕೂಡಿಬರುವುದು ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ. ಮಳೆ ಹಿಡಿಯುವ ಜೂನ್‌ಗೆ ಮೊದಲೇ ದಂಡು ತನ್ನ ಕೆಲಸ ಮುಗಿಸಬೇಕು. ಇದು ಇಂಗ್ಲಿಷರ ಗುಟ್ಟೇನೂ ಅಲ್ಲ. ಪೇಶ್ವೆ ಮಾಧವರಾಯ ಸಿರಾ, ಮಧುಗಿರಿಗಳನ್ನು ಹಿಡಿದು, ಮಧುಗಿರಿ ಬೆಟ್ಟದಲ್ಲಿ ಸೆರೆಯಿದ್ದ ಕೆಳದಿಯ ರಾಣಿ ವೀರಮ್ಮಾಜಿಯನ್ನು ಬಿಡಿಸಿದ್ದೂ 1767ರ ಇದೇ ಕಾಲದಲ್ಲಿ.

ನಮ್ಮ ಕಡೆ ಇದನ್ನು ವಿವರಿಸುವಾಗ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಜೂನ್‌ನಲ್ಲಿ ಮಳೆಯೇ ಎಲ್ಲಿ ಬರುತ್ತದೆ, ಅದಕ್ಕೇಕೆ ದಂಡಿನವರು ಹೆದರಬೇಕು? ಸಿರಾ, ಪಾವಗಡ, ಮಧುಗಿರಿ, ಕೊರಟಗೆರೆಯವರು ಹೀಗೆ ಕೇಳುವುದು ಸಹಜ. ನಮ್ಮ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಜಯಮಂಗಲಿ, ಉತ್ತರ ಪಿನಾಕಿನಿಗಳು ಜೂನ್‌ನಲ್ಲಿ ಮರಳು ಹೊದ್ದು ಮಲಗಿರುತ್ತವೆ. ಆದರೆ ಯುದ್ಧದ ಗುರಿ ಶ್ರೀರಂಗಪಟ್ಟಣ, ಅದು ಕಾವೇರಿಯ ನಡುವಿನ ದ್ವೀಪ. ಕಾವೇರಿಗೆ ನೀರು ಬರುವುದು ಕೊಡಗಿನಿಂದ. ಅಲ್ಲಿ ಮುಂಗಾರು ಹಿಡಿದರೆ ಸಾಕು, ಪಟ್ಟಣದ ಸುತ್ತ ಒಂದು ಹನಿ ಬೀಳದಿದ್ದರೂ ಆಗ ಹೊಳೆ ಏರುತ್ತಿತ್ತು, ಕೋಟೆಯ ಸುತ್ತ ದಾಟಲಾಗದ ಕಂದಕವಾಗುತ್ತಿತ್ತು. ನಾವು ನಮ್ಮ ಆಕಾಶ ನೋಡಿ ಈ ಚರಿತ್ರೆ ಓದಿದರೆ ಅರ್ಥವಾಗದು, ಕೊಡಗಿನ ಆಕಾಶ ನೋಡಬೇಕು.

1791ರಲ್ಲಿ ಕಾರ್ನ್‌ವಾಲಿಸ್ ಇದರ ರುಚಿ ಕಂಡ. ಬೆಂಗಳೂರು ಹಿಡಿದ ಮೇಲೆ ಶ್ರೀರಂಗಪಟ್ಟಣದ ಕಡೆಗೆ ಹೊರಡುವಷ್ಟರಲ್ಲಿ ಮೇ ತಿಂಗಳು ಬಂದಿತ್ತು. ಮೇ 15ರಂದು ಅರಕೆರೆಯ ಬಳಿ ಕಾಳಗವನ್ನೇನೋ ಗೆದ್ದ. ಆದರೆ ದಾರಿಯುದ್ದಕ್ಕೂ ಟಿಪ್ಪುವಿನ ಸವಾರರು ಮೇವು ಸುಟ್ಟಿದ್ದರು. ಮಳೆ ಬೇಗ ಹಿಡಿಯಿತು, ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ಕಾರ್ನ್‌ವಾಲಿಸ್ ತಾನೇ ಹಾಳುಗೆಡವಿ ಹಿಂದಿರುಗಿದ. ಹಸಿದ ಆ ದಂಡಿಗೆ ಮೇಲುಕೋಟೆಯ ಆಸುಪಾಸಿನಲ್ಲಿ ಎದುರಾದದ್ದು ಹರಿಪಂತ ಫಡ್ಕೆ, ಪರಶುರಾಮ ಭಾವು ಅವರ ಮರಾಠಾ ಸೈನ್ಯ. ಅವರ ಬಜಾರಿನ ಧಾನ್ಯ ಅವನ ಜೀವ ಉಳಿಸಿತು. ಮುಂದಿನ ಬಾರಿ ಅವನು ಫೆಬ್ರವರಿಯಲ್ಲೇ ಶ್ರೀರಂಗಪಟ್ಟಣದ ಮುಂದಿದ್ದ. ಮಾರ್ಚ್‌ನ ಒಪ್ಪಂದ ಅದರ ಫಲ.

1799ರಲ್ಲಿ ಜನರಲ್ ಹ್ಯಾರಿಸ್ ಇನ್ನೂ ಎಚ್ಚರದಿಂದಿದ್ದ. ಮಳವಳ್ಳಿಯ ನಂತರ ನೇರ ದಾರಿಯ ಮೇವನ್ನೆಲ್ಲ ಟಿಪ್ಪು ನಾಶಮಾಡಿಸಿದ್ದ. ಹ್ಯಾರಿಸ್ ಆ ದಾರಿ ಬಿಟ್ಟು ಸೋಸಲೆಯ ಬಳಿ ಕಾವೇರಿ ದಾಟಿ ಆಚೆ ದಡ ಹಿಡಿದ. ಅಲ್ಲಿ ಮೇವು ಇತ್ತು. ನನ್ನ ಮಟ್ಟಿಗೆ ಆ ಯುದ್ಧದ ತೀರ್ಪು ಬರೆದದ್ದು ಅದೇ ಹೊಳೆ ದಾಟಿದ ಹೆಜ್ಜೆ. ಮಳೆಗಾಲದವರೆಗೆ ಕೋಟೆ ನಿಂತರೆ ಹೊಳೆಯೇ ಕಾಯುತ್ತದೆಂಬ ಟಿಪ್ಪುವಿನ ಲೆಕ್ಕ ಸರಿಯಾಗಿತ್ತು, ದಿನಗಳು ಸಾಲಲಿಲ್ಲ. ಮೇ 4ಕ್ಕೆ ಕೋಟೆ ಬಿತ್ತು.

ಎಲ್ಲ ಮಾರ್ಚನ್ನೂ ಇದೇ ಗೂಟಕ್ಕೆ ಕಟ್ಟಬಾರದು. ಮಂಗಳೂರು ಒಪ್ಪಂದದ ಹಿಂದೆ, ಯುರೋಪಿನಲ್ಲಿ ಇಂಗ್ಲಿಷರೂ ಫ್ರೆಂಚರೂ ರಾಜಿಯಾದದ್ದರ ಪಾತ್ರ ದೊಡ್ಡದು. 1881ರ ಹಸ್ತಾಂತರಕ್ಕೂ ಮಳೆಗೂ ಏನೂ ಸಂಬಂಧವಿಲ್ಲ. 1863ರ ಫೆಬ್ರವರಿಯಲ್ಲಿ ಹುಟ್ಟಿದ ಚಾಮರಾಜೇಂದ್ರ ಒಡೆಯರಿಗೆ ಆಗ ತಾನೇ 18 ತುಂಬಿತ್ತು.

ಅಂದಹಾಗೆ ಎತ್ತುಗಳ ಕಥೆ ಯುದ್ಧದೊಂದಿಗೆ ಮುಗಿಯುವುದಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಫಿರಂಗಿ ಎಳೆದು ಒಂದೇ ಓಟದಲ್ಲಿ ಸಾಗುತ್ತಿದ್ದ ಅದರ ಎತ್ತಿನ ತಳಿಯನ್ನು 1799ರ ನಂತರ ಇಂಗ್ಲಿಷರು ತಮ್ಮ ವಶಕ್ಕೆ ತೆಗೆದುಕೊಂಡರು. ಗೆದ್ದವರು ಮೊದಲು ಕಣ್ಣಿಟ್ಟವುಗಳಲ್ಲಿ ದನವೂ ಒಂದು ಎನ್ನುವುದನ್ನು ನಮ್ಮ ಪಠ್ಯಪುಸ್ತಕಗಳು ಏಕೆ ಹೇಳುವುದಿಲ್ಲವೋ!

ಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮಧುಗಿರಿ, ಸಿರಾಗಳ ಮೇಲೆ ಹಾದುಹೋಗಿ, ಇಲ್ಲಿನ ಬೆಳೆ, ಮಣ್ಣು, ಜನರನ್ನು ಬರೆದಿಟ್ಟ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಯುದ್ಧದ ಪುಸ್ತಕ ಓದುವ ಮೊದಲು ಅದರಲ್ಲಿ ನಮ್ಮ ಸೀಮೆಯ ಅಧ್ಯಾಯವನ್ನು ಓದಿ. ಕೈಲಿ ಪಂಚಾಂಗವಿರಲಿ, ಯಾವ ಮಳೆ ಯಾವಾಗ ಎಂದು ತಾಳೆ ನೋಡಿ. ನಿಡುಗಲ್ಲು, ಮಿಡಿಗೇಶಿ, ಪಾವಗಡ, ಮಧುಗಿರಿಯ ಕೋಟೆ ಹತ್ತುವಾಗ ಬುರುಜುಗಳನ್ನಷ್ಟೇ ನೋಡಬೇಡಿ, ಬೆಟ್ಟದ ಮೇಲೆ ಮಳೆನೀರು ಹಿಡಿಯುವ ದೊಣೆಗಳು ಎಲ್ಲಿವೆ, ಕೆಳಗಿನ ಕೆರೆ ಎಲ್ಲಿದೆ, ದಂಡು ಯಾವ ಕಡೆಯಿಂದ ಬರಬಹುದಿತ್ತು ಎಂದು ಗುರುತು ಹಾಕಿಕೊಳ್ಳಿ. ನಿಮ್ಮೂರಿನ ಹಳೆಯ ಕಾವಲು, ಹೇರೆತ್ತಿನ ದಾರಿಗಳ ನೆನಪು ಇರುವ ಹಿರಿಯರು ಇನ್ನೂ ಇದ್ದರೆ, ಈ ಬೇಸಿಗೆಯಲ್ಲೇ ಹೋಗಿ ಕೇಳಿ ಬರೆದಿಡಿ.